ಉಬುಂಟುನಲ್ಲಿ ಪಾಸ್, ವಿಂಡೋಸ್‌ನಲ್ಲಿ ಫೇಲ್: ತಾರೀಖಿನ ಟೆಸ್ಟ್‌ಗಳ ಕಾಟ

ಕೊನೆಬೆಂಚು:
ನಮಸ್ಕಾರ. ಒಂದು ಸಹಕಾರ ಸಂಘಕ್ಕೆ ಪೈತಾನ್‌ನಲ್ಲಿ ಸದಸ್ಯರ ಪಟ್ಟಿಯ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ನನ್ನ ಲ್ಯಾಪ್‌ಟಾಪ್ ಉಬುಂಟು (ಲಿನಕ್ಸ್), ಸಂಘದ ಆಫೀಸಿನಲ್ಲಿ ಇರುವುದೆಲ್ಲ ವಿಂಡೋಸ್. ನನ್ನ ಕಡೆ ಟೆಸ್ಟ್ (ಕೋಡ್ ಸರಿ ಇದೆಯಾ ಅಂತ ನೋಡುವ ಪುಟ್ಟ ಪ್ರೋಗ್ರಾಂಗಳು) ಎಲ್ಲಾ ಪಾಸ್, ಅಲ್ಲಿ ಓಡಿಸಿದರೆ ತಾರೀಖು ಇರುವ ಟೆಸ್ಟ್‌ಗಳು ಮಾತ್ರ ಬೀಳುತ್ತಿವೆ. ಒಂದು ಕಡೆ 'ಇನ್‌ವ್ಯಾಲಿಡ್ ಫಾರ್ಮ್ಯಾಟ್ ಸ್ಟ್ರಿಂಗ್' ಅನ್ನುತ್ತೆ. ಇನ್ನೊಂದು ಕಡೆ 1-6-1968ರಲ್ಲಿ ಹುಟ್ಟಿದ ಸದಸ್ಯರಿಗೆ ಓಎಸ್ ಎರರ್ 22. 1975ರವರಿಗೆ ಏನೂ ಇಲ್ಲ! ಪೈತಾನ್ ಎಲ್ಲಾ ಕಡೆ ಒಂದೇ ಅಲ್ವಾ?

ಹಳೇಗಡಿಯಾರ:
ಒಂದೇ ಅಲ್ಲ. ತಾರೀಖಿನ ಅರ್ಧ ಕೆಲಸವನ್ನು ಪೈತಾನ್ ಕೆಳಗಿರುವ ಸಿ ಲೈಬ್ರರಿ (ಓಎಸ್ ಜೊತೆ ಬರುವ ಮೂಲ ಕೋಡ್) ತಲೆಗೆ ಕಟ್ಟುತ್ತದೆ, ಅದು ಒಂದೊಂದು ಓಎಸ್‌ನಲ್ಲಿ ಒಂದೊಂದು ಥರ. '01' ಬದಲು '1' ಬರಲಿ ಅಂತ ಫಾರ್ಮ್ಯಾಟ್ ಸ್ಟ್ರಿಂಗ್‌ನಲ್ಲಿ (ತಾರೀಖು ಹೇಗೆ ಕಾಣಬೇಕು ಅಂತ ಹೇಳುವ ಸಾಲು) ಡಿ ಮುಂದೆ ಮೈನಸ್ ಹಾಕಿದ್ದೀರಿ, ಹೌದಾ? ಅದು ಲಿನಕ್ಸ್, ಮ್ಯಾಕ್‌ಗೆ ಗೊತ್ತು, ವಿಂಡೋಸ್‌ಗೆ ಅಲ್ಲಿ ಹ್ಯಾಶ್ ಬೇಕು. ಎರಡೂ ಬಿಡಿ, ದಿನದ ಸಂಖ್ಯೆ ತಗೊಂಡು ನೀವೇ ಜೋಡಿಸಿ.

1968ರ ಕಥೆ ಬೇರೆ. ನೀವು ತಾರೀಖನ್ನು ಟೈಮ್‌ಸ್ಟ್ಯಾಂಪ್, ಅಂದರೆ ಸೆಕೆಂಡ್‌ಗಳ ಸಂಖ್ಯೆ ಮಾಡಿ ಇಟ್ಟಿದ್ದೀರಿ; ಆ ಲೆಕ್ಕ ಶುರುವಾಗುವುದೇ 1970 ಜನವರಿ 1ರಿಂದ. ಅದಕ್ಕೂ ಹಿಂದಿನದೆಲ್ಲ ಮೈನಸ್, ನಿಮ್ಮ ಸದಸ್ಯರದು ಮೈನಸ್ 5,00,45,400 ಸೆಕೆಂಡ್. ಲಿನಕ್ಸ್ ಸುಮ್ನೆ ಹಿಂದಕ್ಕೆ ಎಣಿಸುತ್ತದೆ, ವಿಂಡೋಸ್ ಒಪ್ಪುವುದಿಲ್ಲ. 1970ರ ಡೇಟ್‌ಟೈಮ್‌ಗೆ ಅಷ್ಟು ಸೆಕೆಂಡ್‌ನ ಟೈಮ್‌ಡೆಲ್ಟಾ (ಪೈತಾನ್‌ನಲ್ಲಿ ಸಮಯದ ಅಂತರ) ಕೂಡಿಸಿ, ಆಗ ಓಎಸ್‌ನ ಕೇಳುವ ಮಾತೇ ಬರುವುದಿಲ್ಲ.

(ಅಂದ ಹಾಗೆ ಆ ಜೂನ್ 1 ನಿಜವಾದ ಹುಟ್ಟಿದ ದಿನ ಇರಲಿಕ್ಕಿಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದು. ನಮ್ಮಪ್ಪನದೂ ಅದೇ.)

ಡಬ್ಬಾರಾಯ:
ಇಷ್ಟೆಲ್ಲಾ ಯಾಕೆ, ಡಾಕರ್‌ನಲ್ಲಿ (ಪ್ರೋಗ್ರಾಂ ಜೊತೆಗೆ ಅದಕ್ಕೆ ಬೇಕಾದ ಲಿನಕ್ಸ್ ಅನ್ನೂ ಒಂದೇ ಡಬ್ಬದಲ್ಲಿ ಕಟ್ಟಿಕೊಡುವ ಸಾಫ್ಟ್‌ವೇರ್) ಹಾಕಿ ಓಡಿಸಿ ಸ್ವಾಮಿ.

ಹಳೇಗಡಿಯಾರ:
ಸಂಘದ ಹಳೇ ಪಿಸಿಗೆ ಡಾಕರ್ ಹಾಕಿಸ್ತೀರಾ? ಅದೂ ಅಲ್ಲದೆ ಬರೀ ಆಲ್ಪೈನ್ (ಪುಟ್ಟ ಲಿನಕ್ಸ್) ಇಮೇಜ್ ತಗೊಂಡರೆ ಅದರಲ್ಲಿ ಟೈಮ್‌ಝೋನ್ ಡೇಟಾನೇ ಇರುವುದಿಲ್ಲ. ಏಷ್ಯಾ/ಕೋಲ್ಕತಾ ಅಂತ ಸೆಟ್ ಮಾಡಿದರೂ ಎರರ್ ಕೊಡದೆ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ತೋರಿಸುತ್ತೆ, ಐದೂವರೆ ಗಂಟೆ ಹಿಂದೆ. ನನ್ನ ಒಂದು ಶನಿವಾರ ಪೂರ್ತಿ ಇದಕ್ಕೇ ಹೋಗಿದೆ.

ಕೊನೆಬೆಂಚು:
ಎರಡೂ ಸರಿಹೋಯ್ತು, ಥ್ಯಾಂಕ್ಸ್. ಆದರೆ ಈಗ ಹೊಸದೊಂದು. ಉಬುಂಟುನಲ್ಲಿ ಮೊದಲೇ ತುಂಬಿಸಿದ್ದ ಡೇಟಾದಲ್ಲಿ 1-6-1943ರ ಅಜ್ಜಿಯೊಬ್ಬರಿದ್ದಾರೆ. ಅವರದು 31-5-1943, ರಾತ್ರಿ 11 ಗಂಟೆ ಅಂತ ಬರುತ್ತಿದೆ. ಯುಟಿಸಿಗೆ ಐದೂವರೆ ಗಂಟೆ ಕೂಡಿಸಿದ್ದೇನೆ, ಅಷ್ಟೇ. ಎರಡೂ ಓಎಸ್‌ನಲ್ಲಿ ಒಂದೇ ಥರ ತಪ್ಪು, ಅದೊಂದು ಸಮಾಧಾನ!

ಮಳೆನಕ್ಷತ್ರ:
ಆ ಅಜ್ಜಿ ಹುಟ್ಟಿದಾಗ ನಮ್ಮ ಟೈಮ್ ಐದೂವರೆ ಅಲ್ಲ, ಆರೂವರೆ. ಎರಡನೇ ಮಹಾಯುದ್ಧ ಅಂತ 1942 ಸೆಪ್ಟೆಂಬರ್ 1ರಿಂದ 1945 ಅಕ್ಟೋಬರ್ 15ರವರೆಗೆ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿದ್ದರು. ಉಬುಂಟುವಿನ ಝೋನ್ ಡೇಟಾದಲ್ಲಿ ಅದು ಇದೆ, ಹಾಗಾಗಿ ಬರೆಯುವಾಗ ಆರೂವರೆ ಕಳೆದಿದೆ, ಓದುವಾಗ ನೀವು ಐದೂವರೆ ಕೂಡಿಸಿದಿರಿ. ಝೋನ್‌ಇನ್ಫೋ (ಪೈತಾನ್‌ನ ಟೈಮ್‌ಝೋನ್ ಮಾಡ್ಯೂಲ್) ಬಳಸಿ ಓದಿದರೆ ಸರಿ ಬರುತ್ತೆ. ವಿಂಡೋಸ್‌ನಲ್ಲಿ ಅದಕ್ಕೆ ಝೋನ್ ಡೇಟಾ ಕೊಡುವ ಟಿಝಡ್‌ಡೇಟಾ ಪ್ಯಾಕೇಜ್ ಬೇರೆಯಾಗಿ ಹಾಕಿಕೊಳ್ಳಬೇಕು.

ಆದರೆ ನನ್ನ ಕೇಳಿದರೆ ಹುಟ್ಟಿದ ತಾರೀಖನ್ನು ಸೆಕೆಂಡ್ ಮಾಡಿ ಇಟ್ಟಿದ್ದೇ ತಪ್ಪು. ಬರೀ ಡೇಟ್ ಕಾಲಂಗೆ ಹಾಕಿ. ಹಾಗೆ ಬದಲಾಯಿಸುವ ಸ್ಕ್ರಿಪ್ಟ್ ಮಾತ್ರ ಆ ಡೇಟಾ ತುಂಬಿಸಿದ ಉಬುಂಟುನಲ್ಲೇ ಓಡಿಸಿ, ಮೊದಲು ಅಜ್ಜಿಯ ಸಾಲು ತೆಗೆದು ನೋಡಿ.