ಫ್ಲಡ್ ಚಿತ್ರದಲ್ಲಿ 256ರ ಬದಲು 64 ಚುಕ್ಕೆ, ಬಿಸಿಯಾದಂತೆ ಎಣಿಕೆಯೂ ಕುಸಿತ: ಸಣ್ಣ ಗಾಮಾ ಕ್ಯಾಮೆರಾ

ಹರಳುಜಾಲ:
ಸೆಂಟಿನೆಲ್ ದುಗ್ಧರಸ ಗ್ರಂಥಿ (ಕ್ಯಾನ್ಸರ್ ಮೊದಲು ಹರಡುವ ಸಾಧ್ಯತೆ ಇರುವ ಗ್ರಂಥಿ) ಹುಡುಕುವ ಕೈಯಳತೆಯ ಗಾಮಾ ಕ್ಯಾಮೆರಾ ಹೆಡ್ ಇದು. ಬಳಕೆ 140 ಕೆಇವಿ (ಕಿರಣದ ಶಕ್ತಿಯ ಅಳತೆ) ಗಾಮಾ ಕಿರಣ ಸೂಸುವ ಟೆಕ್ನೀಷಿಯಂ-99ಎಂ ಜೊತೆ. ಕಿರಣ ಬಿದ್ದಾಗ ಬೆಳಕು ಬೀರುವ, ಥಾಲಿಯಂ ಬೆರೆತ ಸೀಸಿಯಂ ಅಯೋಡೈಡ್, 16×16 ಹರಳು, 1.6 ಮಿ.ಮೀ. ಅಂತರ, 5 ಮಿ.ಮೀ. ದಪ್ಪ. ಕೆಳಗೆ ಆ ಬೆಳಕು ಅಳೆಯುವ ಸೆನ್ಸರ್ ಅರೇ, ಹಮಾಮಾತ್ಸು ಎಸ್13361-3050, 8×8. ನಡುವೆ ಆಪ್ಟಿಕಲ್ ಗ್ರೀಸ್ ಮಾತ್ರ. ರೆಸಿಸ್ಟರ್ ಜಾಲದಿಂದ ಸ್ಥಾನ ಲೆಕ್ಕಕ್ಕೆ ನಾಲ್ಕು ಸಿಗ್ನಲ್, ಇಂಟಿಗ್ರೇಷನ್ (ಸಿಗ್ನಲ್ ಕೂಡಿಸುವ ಅವಧಿ) 300 ನ್ಯಾನೋಸೆಕೆಂಡ್.

ಕೊಲಿಮೇಟರ್ (ನೇರ ಕಿರಣಗಳನ್ನಷ್ಟೇ ಬಿಡುವ ತೂತುಗಳ ಫಲಕ) ತೆಗೆದು, ಲ್ಯಾಬಿನ ಪರವಾನಗಿ ಇರುವ ಕೋಬಾಲ್ಟ್-57 ಮೂಲವನ್ನು 15 ಸೆಂ.ಮೀ. ದೂರದಲ್ಲಿಟ್ಟರೆ ಫ್ಲಡ್ ಚಿತ್ರದಲ್ಲಿ (ಇಡೀ ಹೆಡ್ ಮೇಲೆ ಸಮವಾಗಿ ಕಿರಣ ಬಿದ್ದಾಗಿನ ಚಿತ್ರ) ಹರಳಿಗೊಂದರಂತೆ 256ರ ಬದಲು 64 ಚುಕ್ಕೆಗಳಷ್ಟೇ ಕಾಣುತ್ತವೆ. ಹೆಡ್ 25ರಿಂದ 35 ಡಿಗ್ರಿಗೆ ಏರುವಷ್ಟರಲ್ಲಿ ವಿಂಡೋದೊಳಗಿನ (ಎಣಿಕೆಗೆ ತೆಗೆದುಕೊಳ್ಳುವ ಶಕ್ತಿಯ ಮಿತಿ) ಎಣಿಕೆ ತೀರಾ ಇಳಿಯುತ್ತದೆ. ಹರಳು ಬದಲಿಸಿ ಲುಟೀಷಿಯಂ ಇರುವ ಎಲ್‌ವೈಎಸ್‌ಒ ಹಾಕಬೇಕೇ?

ಬೆಳಕುಬಲೆ:
ಹರಳು ಬದಲಿಸಬೇಡಿ. ಎಲ್‌ವೈಎಸ್‌ಒ ಒಳಗಿನ ಲುಟೀಷಿಯಂ-176 ತಾನೇ ವಿಕಿರಣ ಸೂಸುತ್ತದೆ. ಅದರ ಬೀಟಾ ಹಿನ್ನೆಲೆ 140 ಕೆಇವಿ ಜಾಗದಲ್ಲೂ ಹರಡಿರುತ್ತದೆ. ಪೆಟ್ ಸ್ಕ್ಯಾನ್ ಯಂತ್ರದಲ್ಲಿ ಜೋಡಿ ಫೋಟಾನ್‌ಗಳ ಸಮಯ ತಾಳೆ ನೋಡಿ ಅದನ್ನು ಬೇರ್ಪಡಿಸಬಹುದು, ಇಲ್ಲಿ ಆ ಅನುಕೂಲ ಇಲ್ಲ. ನಿಮ್ಮ 5 ಮಿ.ಮೀ. ಹರಳು 140 ಕೆಇವಿ ಕಿರಣಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ತಡೆಯುತ್ತದೆ.

64 ಎಂಬ ಸಂಖ್ಯೆಯೇ ಕಾರಣ ಹೇಳುತ್ತಿದೆ. ಒಂದು ಸೆನ್ಸರ್ ಮೇಲೆ ನಾಲ್ಕು ಹರಳು ಕೂತಿವೆ, ಅವುಗಳ ಬೆಳಕು ಪಕ್ಕದ ಸೆನ್ಸರ್‌ಗೆ ಹರಡುತ್ತಲೇ ಇಲ್ಲ. ಹಾಗಾದಾಗ ನಾಲ್ಕಕ್ಕೂ ಒಂದೇ ಸ್ಥಾನ ಬರುತ್ತದೆ, ಯಾವ ಸಾಫ್ಟ್‌ವೇರಿಗೂ ಬಿಡಿಸಲಾಗದು. ನಡುವೆ 1 ಮಿ.ಮೀ. ಪಾಲಿಶ್ ಮಾಡಿದ ಗಾಜು ಅಥವಾ ಅಕ್ರಿಲಿಕ್ ಲೈಟ್ ಗೈಡ್ ಇಡಿ, ಎರಡೂ ಬದಿಗೆ ಗ್ರೀಸ್. ಗುಳ್ಳೆ ಉಳಿದರೆ ಆ ಜಾಗದ ಚುಕ್ಕೆಗಳು ವಕ್ರವಾಗುತ್ತವೆ, ಒತ್ತಿ ಹೊರಹಾಕಿ. ಸಾಲದಿದ್ದರೆ 1.5. ಅದಕ್ಕೂ ದಪ್ಪವಾದರೆ ಅಂಚಿನ ಸಾಲುಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ.

300 ನ್ಯಾನೋಸೆಕೆಂಡ್ ಈ ಹರಳಿಗೆ ತೀರಾ ಕಡಿಮೆ. ಇದರ ಬೆಳಕು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಲೇ 1 ಮೈಕ್ರೋಸೆಕೆಂಡ್ ಆಸುಪಾಸು ಬೇಕು. ಈಗ ನಿಮಗೆ ಸಿಗುತ್ತಿರುವುದು ಕಾಲು ಭಾಗ. 3 ಮೈಕ್ರೋಸೆಕೆಂಡ್ ಮಾಡಿ. ತೀರಾ ಉದ್ದ ಮಾಡಿದರೆ ಬೆಳಕಿಲ್ಲದೆಯೂ ಸೆನ್ಸರ್ ಕೊಡುವ ಡಾರ್ಕ್ ಪಲ್ಸ್‌ಗಳೂ ಸೇರುತ್ತವೆ.

ವೋಲ್ಟ್‌ಕಾವಲು:
ಎಣಿಕೆ ಕುಸಿತಕ್ಕೆ ಬಯಾಸ್ (ಸೆನ್ಸರಿಗೆ ಕೊಡುವ ವೋಲ್ಟೇಜ್) ಕಾರಣ. ಈ ಸೆನ್ಸರಿನ ಬ್ರೇಕ್‌ಡೌನ್ ವೋಲ್ಟೇಜ್ (ಅದು ಕೆಲಸ ಶುರು ಮಾಡುವ ವೋಲ್ಟೇಜ್) ಡಿಗ್ರಿಗೆ 54 ಮಿಲಿವೋಲ್ಟ್ ಏರುತ್ತದೆ. 10 ಡಿಗ್ರಿಗೆ 0.54 ವೋಲ್ಟ್. ಓವರ್‌ವೋಲ್ಟೇಜ್ (ಅದರ ಮೇಲೆ ಕೊಡುವ ಹೆಚ್ಚುವರಿ) 3 ವೋಲ್ಟ್ ಇಟ್ಟಿದ್ದರೆ ಗೇನ್ (ಸಿಗ್ನಲ್ ವರ್ಧನೆ) ಶೇಕಡಾ 18 ಇಳಿಯಿತು ಎಂದರ್ಥ. ಕೋಬಾಲ್ಟ್-57ರ 122 ಕೆಇವಿ ಶಿಖರ 100ರ ಹತ್ತಿರ ಬಂದು ಕೂರುತ್ತದೆ, ±10 ಶೇಕಡಾ ವಿಂಡೋ 110ಕ್ಕೇ ಶುರು. ಮೂಲ ಅಲ್ಲೇ ಇದೆ, ಶಿಖರ ಮಾತ್ರ ವಿಂಡೋದಿಂದ ಹೊರಗೆ ಜಾರಿದೆ.

ತಾಪ ಸೆನ್ಸರನ್ನು ಅರೇ ಬೆನ್ನಿಗೇ ಅಂಟಿಸಿ. ಆಂಪ್ಲಿಫೈಯರ್ ಪಕ್ಕದಲ್ಲಿಟ್ಟರೆ ಅದು ಬೇರೆಯದೇ ತಾಪ ತೋರಿಸುತ್ತದೆ. ಬಯಾಸನ್ನು 25 ಡಿಗ್ರಿಯ ಬೆಲೆಗೆ ಹೋಲಿಸಿ ಡಿಗ್ರಿಗೆ 54 ಮಿಲಿವೋಲ್ಟ್‌ನಂತೆ ತಿದ್ದುತ್ತಿರಿ. ಬಿಸಿಯಲ್ಲಿ ಡಾರ್ಕ್ ಎಣಿಕೆಯೂ ಹೆಚ್ಚುವುದರಿಂದ ಆಂಪ್ಲಿಫೈಯರಿನ ಶಾಖ ಅರೇ ಕಡೆ ಬಾರದಂತೆ ಬೇರೆ ದಾರಿ ಕೊಡಿ.

ಹರಳುಜಾಲ:
1 ಮಿ.ಮೀ. ಅಕ್ರಿಲಿಕ್ ಹಾಕಿ, 3 ಮೈಕ್ರೋಸೆಕೆಂಡ್ ಮಾಡಿದ ಮೇಲೆ ಒಳಗಿನ ಚುಕ್ಕೆಗಳೆಲ್ಲ ಬಿಡಿಬಿಡಿ. ಬಯಾಸ್ ತಿದ್ದುಪಡಿಯಿಂದ ಶಿಖರವೂ ನಿಂತಿದೆ. ನಾಲ್ಕೂ ಅಂಚಿನ ಕೊನೆಯ ಎರಡು ಸಾಲು ಮಾತ್ರ ಇನ್ನೂ ಅಂಟಿಕೊಂಡಿವೆ.

ಬೆಳಕುಬಲೆ:
ಮೊದಲು ಪೆಡೆಸ್ಟಲ್ (ಕಿರಣ ಇಲ್ಲದಾಗಲೂ ಚಾನೆಲ್ ತೋರಿಸುವ ಮೊತ್ತ) ನೋಡಿ. ಮೂಲ ದೂರವಿಟ್ಟು, ಯಾದೃಚ್ಛಿಕ ಟ್ರಿಗರ್ ಕೊಟ್ಟು ನಾಲ್ಕೂ ಚಾನೆಲ್‌ಗಳ ಸರಾಸರಿ ಅಳೆದು ಕಳೆಯಿರಿ. ನಾಲ್ಕರಲ್ಲೂ ಒಂದಿಷ್ಟು ಉಳಿದರೆ ಎಲ್ಲ ಸ್ಥಾನಗಳೂ ನಡುವಿನ ಕಡೆಗೆ ಎಳೆಯಲ್ಪಡುತ್ತವೆ, ಅಂಚಿಗೆ ಹೆಚ್ಚು ಪೆಟ್ಟು. ಆಮೇಲೂ ಬಿಡಿಸದಿದ್ದರೆ ಲೈಟ್ ಗೈಡಿನ ಪಕ್ಕದ ಅಂಚುಗಳಿಗೆ ಕಪ್ಪು ಬಳಿಯಿರಿ. ಅಂಚಿನ ಹರಳುಗಳ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಅಲ್ಲಿಂದ ತಿರುಗಿ ಬರುವ ಬೆಳಕು ನಿಲ್ಲುತ್ತದೆ.

ಎನರ್ಜಿ ವಿಂಡೋ ಹರಳು ಹರಳಿಗೂ ಬೇರೆ ಇರಲಿ. ಒಟ್ಟು ಸ್ಪೆಕ್ಟ್ರಮ್ ನೋಡಿ ಒಂದೇ ವಿಂಡೋ ಇಟ್ಟರೆ ಮಂಕಾದ ಹರಳುಗಳು ಚಿತ್ರದಲ್ಲಿ ಸುಳ್ಳು ಕಪ್ಪು ಕಲೆಯಾಗುತ್ತವೆ. ಸಮತೆ ತಿದ್ದುವ ಫ್ಲಡ್‌ಗೆ ಪ್ರತಿ ಹರಳಿಗೆ 10,000 ಎಣಿಕೆ ಬೇಕು, ಆಗಷ್ಟೇ ಏರುಪೇರು ಶೇಕಡಾ 1ಕ್ಕೆ ಇಳಿಯುತ್ತದೆ. ಒಟ್ಟು 25.6 ಲಕ್ಷ.

ಸೀಸದ ಕೊಲಿಮೇಟರ್ ಹಾಕಿದಾಗ 75 ಕೆಇವಿ ಹತ್ತಿರ ಹೊಸ ಶಿಖರ ಬಂದರೆ ಅದು ಸೀಸದ್ದೇ ಎಕ್ಸ್-ರೇ, ದೋಷವಲ್ಲ. 140ರ ವಿಂಡೋ 126ರಿಂದ 154.