ಒಂದೇ ಏರ್ ಫ್ರೈಯರ್: ಅತ್ತೆಗೆ ಬಂಗುಡೆ, ವೀಗನ್ ಮಗಳಿಗೆ ಸಿಹಿಗೆಣಸು

ಕುಂದಾಪ್ರ ಸೊಸೆ:
ನಮ್ಮದು ಬೆಂಗಳೂರಿನಲ್ಲಿ ಬಾಡಿಗೆ ಮನೆ. ಅತ್ತೆ, ಯಜಮಾನರು ಕುಂದಾಪುರದವರು. ಮೀನಿಲ್ಲದೆ ಅವರಿಗೆ ಊಟ ಸೇರುವುದಿಲ್ಲ. ನಾನು ಶಿವಮೊಗ್ಗದವಳು, ಕೋಳಿ ಮೊಟ್ಟೆ ಓಕೆ, ಮೀನು ಅಷ್ಟಕ್ಕಷ್ಟೆ. ಮಗಳು ಡಿಗ್ರಿಗೆ ಸೇರಿದ ಮೇಲೆ ವೀಗನ್ ಆಗಿದ್ದಾಳೆ. ಹಾಲು, ಮೊಸರು, ತುಪ್ಪ, ಜೇನುತುಪ್ಪ ಕೂಡ ಮುಟ್ಟುವುದಿಲ್ಲ. ಅತ್ತೆ ಇನ್ನೂ ಸೋತಿಲ್ಲ. ದಿನಾ ಊಟದ ಕೊನೆಗೆ "ಮಜ್ಜಿಗೆ ಆರೂ ಕುಡಿ ಹೆಣೆ" (ಮಜ್ಜಿಗೆಯಾದರೂ ಕುಡಿಯೇ) ಅನ್ನುತ್ತಾರೆ.

ಜಗಳ ಈಗ ಏರ್ ಫ್ರೈಯರ್‌ಗೆ ಬಂದು ನಿಂತಿದೆ. ಒಂದೇ ಬುಟ್ಟಿಯ 4 ಲೀಟರಿನದು. ಭಾನುವಾರ ಅದರಲ್ಲಿ ಬಂಗುಡೆ ಆಗುತ್ತದೆ. ಸೋಮವಾರ ಸಂಜೆ ಮಗಳು ಸಿಹಿಗೆಣಸು ಹೆಚ್ಚಿ ಹಾಕುತ್ತಾಳೆ, ಒಂದು ಹೋಳು ಮೂಸಿ ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತಾಳೆ. ಬುಟ್ಟಿಯನ್ನು ಸೋಪು ಹಾಕಿ ಬಿಸಿನೀರಲ್ಲಿ ನೆನೆಸಿ ತೊಳೆಯುತ್ತೇನೆ. ತೊಳೆದ ಮೇಲೆ ಮೂಸಿದರೆ ಏನೂ ಇಲ್ಲ. ಯಂತ್ರ ಕಾದ ಕೂಡಲೇ ಎಲ್ಲಿಂದಲೋ ಮೀನು ವಾಸನೆ!

ಇನ್ನೊಂದು ಬುಟ್ಟಿ ತಗೊಂಡರೆ ಸಾಕಾ? ಎರಡು ಖಾನೆಯದು ಬೇಕಾ? ಬೇರೆ ಯಂತ್ರವೇ ತರಬೇಕಾ? ಮಿಕ್ಸಿ, ಗ್ರೈಂಡರ್ ಇಟ್ಟ ಮೇಲೆ ಕಟ್ಟೆ ಮೇಲೆ ಒಂದು ಗೇಣು ಜಾಗ ಉಳಿದಿದೆ. ದೊಡ್ಡ ಪ್ಲಗ್ ಪಾಯಿಂಟೂ ಒಂದೇ. ಮಗಳನ್ನು ಬದಲಾಯಿಸಿ, ಅತ್ತೆಯನ್ನು ಬದಲಾಯಿಸಿ ಅನ್ನುವ ಸಲಹೆ ದಯವಿಟ್ಟು ಬೇಡ.

ಮಿಕ್ಸಿ ಡಾಕ್ಟರ್:
ಅಕ್ಕಾ, ವಾಸನೆ ಇರುವುದು ಬುಟ್ಟಿಯಲ್ಲಲ್ಲ, ಅದರ ಮೇಲೆ. ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ಬುಟ್ಟಿ ತೆಗೆದು ಯಂತ್ರವನ್ನು ಬೋರಲು ಹಾಕಿ. ಟಾರ್ಚ್ ಬಿಟ್ಟು ಒಳಗೆ ನೋಡಿ. ಚಕ್ಕುಲಿ ಹಾಗೆ ಸುತ್ತಿದ ಕಾಯಿಲ್, ಅದರ ಹಿಂದೆ ಫ್ಯಾನ್ ಕಾಣುತ್ತದೆ. ಬಂಗುಡೆ, ಬೂತಾಯಿ ಎರಡರಲ್ಲೂ ಎಣ್ಣೆ ಅಂಶ ಜಾಸ್ತಿ. ಅದು ಸಿಡಿದು ಕಾಯಿಲ್‌ಗೆ ಅಂಟಿ ಕಂದು ಜಿಡ್ಡಾಗಿರುತ್ತದೆ. ಮತ್ತೆ ಕಾದಾಗ ಜಿಡ್ಡು ಹೊಗೆಯಾಡುತ್ತದೆ, ಫ್ಯಾನ್ ಅದನ್ನೇ ಗೆಣಸಿನ ಮೇಲೆ ಊದುತ್ತದೆ. ಹಾಗಾಗಿ ಬುಟ್ಟಿ ಮಾತ್ರ ಬೇರೆ ಮಾಡಿದರೆ ಅರ್ಧ ಕೆಲಸ ಅಷ್ಟೆ.

ಅಡುಗೆ ಸೋಡಾವನ್ನು ಸ್ವಲ್ಪ ನೀರಲ್ಲಿ ಗಟ್ಟಿಯಾಗಿ ಕಲಸಿ. ಹಳೇ ಟೂತ್‌ಬ್ರಷ್‌ನಿಂದ ಕಾಯಿಲ್‌ಗೆ ಹಚ್ಚಿ, 20 ನಿಮಿಷ ಬಿಟ್ಟು ಮೆಲ್ಲಗೆ ಉಜ್ಜಿ. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಬಿಳಿ ಪುಡಿ ಹೋಗುವ ತನಕ ಒರೆಸಿ. ನೀರು ಸುರಿಯಬೇಡಿ. ಪೂರ್ತಿ ಒಣಗಿದ ಮೇಲೆ 180 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಖಾಲಿ ಓಡಿಸಿ. ಬುಟ್ಟಿಗೆ ನಿಂಬೆ ಹೋಳು ತಿಕ್ಕಿ. ಮೀನು ವಾಸನೆಗೆ ಟ್ರೈಮೀಥೈಲ್ ಅಮೀನ್ ಎಂಬ ಕ್ಷಾರ ಕಾರಣ, ಹುಳಿ ಬಿದ್ದರೆ ಅಡಗುತ್ತದೆ. ಮೀನಿಗೆ ಹುಣಸೆ ಹಚ್ಚುವವರಿಗೆ ಇದು ಹೊಸದೇನಲ್ಲ. ಸ್ಟೀಲ್ ಸ್ಕ್ರಬ್ಬರ್ ಮಾತ್ರ ಬೇಡ, ಕೋಟಿಂಗ್ ಏಳುತ್ತದೆ.

ಎರಡು ಖಾನೆಯದು ತಗೊಳ್ಳುವುದಾದರೆ ಎರಡಕ್ಕೂ ಬೇರೆ ಬೇರೆ ಕಾಯಿಲ್, ಫ್ಯಾನ್ ಇದೆಯಾ ಕೇಳಿ. ಒಂದೇ ಬುಟ್ಟಿಯ ನಡುವೆ ತಡೆ ಹಾಕಿ ಕೊಡುವುದೂ ಇದೆ, ಅದು ನಿಮಗೆ ದಂಡ. ಇನ್ನೊಂದು ಮಾತು. ಇವು 1500 ವ್ಯಾಟ್ ಹತ್ತಿರ ಎಳೆಯುತ್ತವೆ. 6 ಆಂಪ್ ಸಾಕೆಟ್, ಎಕ್ಸ್‌ಟೆನ್ಷನ್ ಬಾಕ್ಸ್ ಎರಡೂ ಬೇಡ. 16 ಆಂಪ್‌ಗೇ ಹಾಕಿ.

ತುಪ್ಪ ಬಿಟ್ಟವ:
ಮೇಡಂ, ನಾನೂ ವೀಗನ್. ಮೊದಲು ಮಗಳನ್ನೇ ಕೇಳಿ, ತೊಂದರೆ ವಾಸನೆಯದಾ, ಮೀನು ಬೆಂದ ಜಾಗ ಅನ್ನುವುದಾ ಅಂತ. ಎರಡಕ್ಕೂ ಪರಿಹಾರ ಬೇರೆ. 1944ರಲ್ಲಿ ಶುರುವಾದ ಇಂಗ್ಲೆಂಡಿನ ವೀಗನ್ ಸೊಸೈಟಿಯ ವಿವರಣೆಯಲ್ಲೇ "ಸಾಧ್ಯವಾದಷ್ಟು, ಕಾರ್ಯಸಾಧ್ಯವಾದಷ್ಟು" ಅನ್ನುವ ಮಾತಿದೆ. ನನಗೆ ಅಮ್ಮ ತೊಳೆದಿಟ್ಟ ಪಾತ್ರೆ ಸಾಕು. ನನ್ನ ಸ್ನೇಹಿತನೊಬ್ಬನಿಗೆ ಸೌಟೂ ಬೇರೆ ಬೇಕು. ಯಾರದ್ದೂ ತಪ್ಪಲ್ಲ.

ಎಣ್ಣೆ ಸವರುವ ಬ್ರಷ್ ನೋಡಿದಿರಾ? ತುಪ್ಪಕ್ಕೂ ಎಣ್ಣೆಗೂ ಅದೇ ಇದ್ದರೆ ಅವಳಿಗೆ ಬೇರೆ ಕೊಡಿ. ಅಗ್ಗದ ಕೆಲಸ. ಮೀನಿನ ಕೆಳಗೆ ಬೇಕಿಂಗ್ ಪೇಪರ್ ಹಾಕುವುದಾದರೆ ಮೇಲೆ ಭಾರ ಇರಲಿ. ಬರೀ ಪೇಪರ್ ಇಟ್ಟು ಕಾಯಿಸಿದರೆ ಹಾರಿ ಕಾಯಿಲ್‌ಗೆ ತಾಗಿ ಸುಡುತ್ತದೆ.

ಬಂಗುಡೆ ಭಕ್ತ:
ಬಂಗುಡೆಯನ್ನು ಆ ಪೆಟ್ಟಿಗೆಗೆ ಹಾಕುವುದು ಯಾಕೆ ಮಾರಾಯ್ರೆ? ಬಿಸಿಗಾಳಿಗೆ ಮಸಾಲೆ ಒಣಗಿ ಹಕ್ಕಳೆ ಏಳುತ್ತದೆ, ರವೆ ಬೆಳ್ಳಗೇ ಉಳಿಯುತ್ತದೆ. ಬ್ಯಾಡಗಿ ಮೆಣಸು, ಹುಣಸೆ, ಅರಿಶಿನ ಅರೆದು ಹಚ್ಚಿ, ಕಬ್ಬಿಣದ ಕಾವಲಿ ಮೇಲೆ ತೆಂಗಿನೆಣ್ಣೆ ಬಿಟ್ಟು ಕಾಯಿಸಿ. ಅಂಚು ಕೆಂಪಾಗಿ ತಾನೇ ಬಿಡುವ ತನಕ ತಿರುವಬೇಡಿ. ಫ್ರೈಯರ್ ಹುಡುಗಿಗೆ ಇರಲಿ.

ಕುಂದಾಪ್ರ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಟಾರ್ಚ್ ಬಿಟ್ಟು ನೋಡಿದೆವು. ಕಾಯಿಲ್ ಮೇಲೆ ಟಾರಿನ ಹಾಗೆ ಕಪ್ಪು. ಸೋಡಾ ಹಚ್ಚಿ ಉಜ್ಜಿದ್ದು ಮಗಳೇ. ಈಗ ವಾಸನೆ ಇಲ್ಲ. ತೊಂದರೆ ವಾಸನೆಯದ್ದೇ ಅಂತೆ, "ಆದರೂ ಮೀನು ಬೇರೆ ಕಡೆ ಆದರೆ ಖುಷಿ" ಅಂದಳು. ಭಕ್ತರ ಮಾತು ಓದಿ ಹೇಳಿದ್ದೇ ತಡ, ಅತ್ತೆ ಕಾವಲಿ ಹೊರಗೆ ತೆಗೆದಿದ್ದಾರೆ. ಅವರಿಗೂ ಪೆಟ್ಟಿಗೆ ಮೀನು ರುಚಿಸುತ್ತಿರಲಿಲ್ಲವಂತೆ, ಮಗ ತಂದದ್ದು ಅಂತ ಸುಮ್ನೆ ತಿನ್ನುತ್ತಿದ್ದರು!

ಉಳಿದದ್ದು ನನ್ನ ಚಿಕನ್ ಕಬಾಬ್. ಅಟ್ಟದ ಮೇಲೆ ಹಳೇ ಓಟಿಜಿ (ಕರೆಂಟಿನ ಪುಟ್ಟ ಓವನ್) ಇದೆ, ಅದಕ್ಕೆ ಹಾಕೋಣ ಅಂದುಕೊಂಡಿದ್ದೇನೆ. ಒಳಗಿನ ಜಾಲರಿ ತುಕ್ಕು ಹಿಡಿದಿದೆ. ಡಾಕ್ಟ್ರೇ, ಉಜ್ಜಿದರೆ ಹೋಗುತ್ತದಾ, ಹೊಸದೇ ತರಬೇಕಾ?