ವಾರಕ್ಕೆ 12 ಗಂಟೆ ಅಭ್ಯಾಸ, ಗೋವಾದಲ್ಲಿ 8 ನಿಮಿಷ ನಷ್ಟ

ಕಬ್ಬನ್ ಓಟಗಾರ:
ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಯನ್ನು, ಎಂದರೆ ಮಿರಾಮಾರ್ ಕಡಲಿನಲ್ಲಿ 1.9 ಕಿ.ಮೀ. ಈಜು, ಬಳಿಕ 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟವನ್ನು, 2023ರಲ್ಲಿ 7 ಗಂಟೆ 6 ನಿಮಿಷಕ್ಕೆ ಮುಗಿಸಿದ್ದೆ. ಮರುವರ್ಷ ಅಭ್ಯಾಸವನ್ನು ವಾರಕ್ಕೆ 8 ಗಂಟೆಯಿಂದ 12 ಗಂಟೆಗೆ ಏರಿಸಿಕೊಂಡು ಹೋದವನಿಗೆ 7 ಗಂಟೆ 14 ನಿಮಿಷ ಹಿಡಿಯಿತು. ಈಜಿನಲ್ಲಿ 5, ಸೈಕಲ್ಲಿನಲ್ಲಿ 14, ನಡುವೆ ಬೂಟು ಬದಲಿಸುವಲ್ಲಿ 1 ನಿಮಿಷ ಉಳಿಸಿದ್ದೆ. ಓಟವೊಂದರಲ್ಲೇ 28 ನಿಮಿಷ ಹೋಯಿತು. ಬಿಸಿಲನ್ನು ದೂರಬೇಕೋ, ಅಭ್ಯಾಸವನ್ನೋ ತಿಳಿಯದಾಗಿದೆ.

ದಾವಣಗೆರೆ ಸವಾರ:
ಏಳು ಗಂಟೆಯ ಸ್ಪರ್ಧೆಯಲ್ಲಿ 8 ನಿಮಿಷವೆಂದರೆ ನೂರಕ್ಕೆ ಎರಡೂ ಆಗದು. ಅಲೆ, ಗಾಳಿ, ಸೆಕೆ ಇವೆಲ್ಲ ವರ್ಷದಿಂದ ವರ್ಷಕ್ಕೆ ಬೇರೆಯಾಗುವಾಗ ಎರಡು ಸಮಯಗಳನ್ನು ಪಕ್ಕಪಕ್ಕ ಇಟ್ಟು ಕೊರಗುವುದು ಸರಿಯಲ್ಲ. ನಿಮ್ಮ ವಯೋವರ್ಗದಲ್ಲಿ ಎಷ್ಟನೆಯವರಾದಿರಿ ಎಂಬುದನ್ನು ನೋಡಿ. ಸೆಕೆ ಎಲ್ಲರಿಗೂ ಒಂದೇ.

ಕಬ್ಬನ್ ಓಟಗಾರ:
ಅದನ್ನೂ ನೋಡಿದೆ. ಸೈಕಲ್ ಇಳಿಯುವವರೆಗೆ ಹಿಂದಿನ ವರ್ಷಕ್ಕಿಂತ ಮುಂದಿದ್ದೆ, ಓಟ ಮುಗಿಯುವಷ್ಟರಲ್ಲಿ ಹಿಂದೆ ಬಿದ್ದಿದ್ದೆ.

ಲೆಕ್ಕದ ಮೇಷ್ಟ್ರು:
ಹಾಗಾದರೆ ಉತ್ತರ ಆ 14 ನಿಮಿಷದಲ್ಲೇ ಇದೆ. ನಿಮ್ಮ ಸರಾಸರಿ ವೇಗ ಗಂಟೆಗೆ 26 ಕಿ.ಮೀ.ಯಿಂದ ಸುಮಾರು 27.9ಕ್ಕೆ ಏರಿರಬೇಕು. ಕೇಳಲು ಅಲ್ಪ. ಆದರೆ ಗಾಳಿಯನ್ನು ಸೀಳಿಕೊಂಡು ಹೋಗಲು ಪ್ರತಿ ನಿಮಿಷಕ್ಕೆ ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಶೇ. 7ರಷ್ಟು ಹೆಚ್ಚಿದರೆ ಆ ಖರ್ಚು ಶೇ. 20ಕ್ಕೂ ಹೆಚ್ಚಾಗುತ್ತದೆ. ಸೈಕಲ್ಲಿನ ಮೇಲೆ ಸಾಲ ಮಾಡಿದಿರಿ, ಓಟದಲ್ಲಿ ಬಡ್ಡಿಸಮೇತ ತೀರಿಸಿದಿರಿ.

ದಾವಣಗೆರೆ ಸವಾರ:
ಮೇಷ್ಟ್ರೇ, ವಾರಕ್ಕೆ 4 ಗಂಟೆ ಹೆಚ್ಚು ದುಡಿದವನ ಕಾಲಿಗೆ ಆ ಖರ್ಚನ್ನು ತಾಳುವ ಬಲ ಬಂದಿರುವುದಿಲ್ಲವೇ? ಬಲ ಬಂದಿದ್ದರೆ ಅದು ಸಾಲವಲ್ಲ, ಸ್ವಂತ ದುಡಿಮೆ.

ಪಣಂಬೂರಿನವಳು:
ಕಾಲಿಗೆ ಬಂದಿರಬಹುದು ಸರ್, ಮೈಗೆ ಬರಲಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಬೆಳಗಿನ ಐದೂವರೆಗೆ ಓಡಿದವರು ಕರಾವಳಿಯ ನಡುಹಗಲಿನಲ್ಲಿ ಓಡುವುದೆಂದರೆ ಬೇರೆಯೇ ಆಟ. ನಮ್ಮ ಕಡೆಯ ಗಾಳಿಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಣಿಸದು. ರಕ್ತವು ಚರ್ಮದತ್ತ ಹರಿದಷ್ಟೂ ಸ್ನಾಯುವಿಗೆ ಕಡಿಮೆಯಾಗಿ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ. ಸೆಕೆಗೆ ದೇಹ ಒಗ್ಗಲು 10ರಿಂದ 14 ದಿನ ಬೇಕು. ನೀವು ಗೋವಾಕ್ಕೆ ಎಷ್ಟು ದಿನ ಮೊದಲು ಹೋದಿರಿ? ಸೈಕಲ್ ಇಳಿದ ಕೂಡಲೇ ಓಡುವ ಅಭ್ಯಾಸವನ್ನು ಬಿಸಿಲಿನಲ್ಲಿ ಎಷ್ಟು ಸಲ ಮಾಡಿದಿರಿ?

ಕಬ್ಬನ್ ಓಟಗಾರ:
ಎರಡು ದಿನ ಮೊದಲು ಹೋದೆ. ಬಿಸಿಲಿನಲ್ಲಿ ಒಮ್ಮೆಯೂ ಮಾಡಲಿಲ್ಲ. ಹೆಚ್ಚಿಸಿದ 4 ಗಂಟೆಯೂ ನಂದಿ ಬೆಟ್ಟದ ಮುಂಜಾವಿನ ತಂಪಿನಲ್ಲೇ ಕಳೆಯಿತು. ಈಗ ಕೈಗಡಿಯಾರದ ದಾಖಲೆ ತೆಗೆದು ನೋಡಿದರೆ, ಸೈಕಲ್ ಇಳಿದಾಗ ಹೃದಯಬಡಿತ 2023ರಲ್ಲಿ ನಿಮಿಷಕ್ಕೆ 144 ಇತ್ತು, ಮರುವರ್ಷ 158.

ದಾವಣಗೆರೆ ಸವಾರ:
ಓಟಕ್ಕೆ ಮೊದಲೇ 158 ಎಂದರೆ ಅದು ಸಾಲವೇ, ನನ್ನ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಈಜಿನ 5 ನಿಮಿಷವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲವಲ್ಲ, ಅದು ಅಪ್ಪಟ ಗಳಿಕೆ.

ಕಬ್ಬನ್ ಓಟಗಾರ:
ಈ ಭಾನುವಾರ ಹನ್ನೊಂದಕ್ಕೆ ಹೊರಡುತ್ತೇನೆ, 60 ಕಿ.ಮೀ. ಸೈಕಲ್, ಇಳಿದೊಡನೆ 8 ಕಿ.ಮೀ. ಓಟ. ಮನೆಯವರಿಗೆ ಇನ್ನೂ ಹೇಳಿಲ್ಲ.